ಸಿನ್ಸಿಯರ್ ಎಂದು ಬರೆದ ಕಾಗದ

ಕೆಲಸ ಬೇಕಾದರೆ ಹಳೇ ಮಾಲೀಕರ ಶಿಫಾರಸು ಕಾಗದವನ್ನು ಅಂಟಿಸಿದ ಲಕೋಟೆಯಲ್ಲೇ ತರಬೇಕು ಎಂದು ಹೊಸ ಕಾರ್ಖಾನೆಯವರು ಹೇಳಿದ್ದರು. ವೆಲ್ಡರ್‌ನ ತಲೆಗೆ ಅಲ್ಲೇ ಹುಳ ಹೊಕ್ಕಿತು. ಮುಚ್ಚಿಟ್ಟು ಬರೆಯುವಂಥದ್ದು ಏನಿದೆ? ಲಕೋಟೆಯನ್ನು ಹಬೆಗೆ ಹಿಡಿದು ಬಿಚ್ಚಿ, ಅಕ್ಕನ ಮುಂದಿಟ್ಟ. ಅಕ್ಕ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಇಂಗ್ಲಿಷ್ ಬಲ್ಲವಳು.

“ಹನ್ನೆರಡು ವರ್ಷದಿಂದ ನಮ್ಮಲ್ಲಿದಾನೆ, ಸಿನ್ಸಿಯರ್ ಮನುಷ್ಯ ಅಂತ ಬರೆದಿದಾರೆ. ಅಷ್ಟೇ.”

“ಹಂಗಂದ್ರೆ?”

“ಕಪಟ ಇಲ್ಲದೋನು, ಮನಸ್ಸಿಟ್ಟು ಮಾಡೋನು. ಒಳ್ಳೇ ಮಾತೇ ಕಣೋ.”

“ಏನು ಒಳ್ಳೇದು? ನನ್ನ ಕೈಕೆಲಸದ ಬಗ್ಗೆ ಒಂದಕ್ಷರ ಇದೆಯಾ? ಗೇಟಲ್ಲಿ ತೂಕಡಿಸೋ ವಾಚ್‌ಮನ್‌ಗೂ ಅವ್ರು ‘ಪಾಪ, ಸಿನ್ಸಿಯರ್’ ಅಂತಾರೆ. ಕೆಲಸ ಬಾರದೋರಿಗೆ ಕೊಡೋ ಬಿರುದು ಇದು!”

ಅಕ್ಕ ಗಲ್ಲ ಕೆರೆದುಕೊಂಡಳು. “ಅದೂ ನಿಜವೇ. ಫೇಲಾದ ಮಕ್ಕಳ ಕಾರ್ಡಲ್ಲಿ ನಮ್ಮ ಹೆಡ್‌ಮೇಷ್ಟ್ರು ಅದನ್ನೇ ಬರೀತಾರೆ.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಬಿಟ್ಟು ಹೋಗುವವನಿಗೆ ಮಾಲೀಕ ಅಡ್ಡಗಾಲು ಹಾಕಿದ್ದಾನೆ! ಆದರೂ ಕಾಗದವಿಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ. ಬೈಯುತ್ತಲೇ ಲಕೋಟೆಯನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದ. ಒರಟು ಜೋಡಣೆ ಅವನ ಕೈಗೆ ಗೊತ್ತೇ ಇಲ್ಲ.

ಹೊಸ ಕಾರ್ಖಾನೆಯ ಸೂಪರ್‌ವೈಸರ್ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. “ನಿಮ್ಮ ಮಾಲೀಕರ ಲಕೋಟೆ ಹಿಂದೆಯೂ ಬಂದಿವೆ. ಗೋಂದು ಆಚೆ ಸುರಿದು ಅಂಟಂಟು. ಇದು ನೋಡಿದ್ರೆ ಗೆರೆ ಎಳೆದ ಹಾಗಿದೆ. ಬಿಚ್ಚಿದ್ಯಾ?”

ಇಲ್ಲ ಎನ್ನಲು ಬಾಯಿ ತೆರೆದವನಿಗೆ ಸಿಟ್ಟೇ ಮುಂದಾಯಿತು. “ಹೌದು ಸಾರ್, ಬಿಚ್ಚಿದೆ! ಸಿನ್ಸಿಯರ್ ಅಂತ ಬರೆದಿದೆ. ಆ ಮಾತಿನ ಮೇಲೆ ನಂಗೆ ನಂಬಿಕೆ ಇಲ್ಲ. ಪೈಪ್ ಕೊಡಿ, ವೆಲ್ಡ್ ಮಾಡಿ ತೋರಿಸ್ತೀನಿ. ಒಂದು ಹನಿ ಸೋರಿದ್ರೂ ಮನೆಗೆ ಹೋಗ್ತೀನಿ.”

ಸೂಪರ್‌ವೈಸರ್ ಮೀಸೆಯಲ್ಲೇ ನಕ್ಕು, ಮೂಲೆಯಲ್ಲಿದ್ದ ಎರಡು ತುಂಡು ಪೈಪ್ ತೋರಿಸಿದ.

ಯಾಕೆ ನಕ್ಕ ಈ ಮನುಷ್ಯ? ವೆಲ್ಡರ್ ಪೈಪಿನ ತುದಿಗಳನ್ನು ತಿರುಗಿಸಿ ನೋಡಿದ. ಒಳಗಡೆ ತುಕ್ಕು, ಮೇಲೆ ತೆಳುವಾಗಿ ಎಣ್ಣೆ. ಹೀಗೇ ಬೆಸೆದರೆ ಸೋರುವುದು ಖಂಡಿತ.

“ಬೇಕಂತಲೇ ಇಟ್ಟಿದೀರಾ ಇದನ್ನ?”

“ಬೇಕಂತಲೇ. ಬೆಳಿಗ್ಗೆಯಿಂದ ಮೂರು ಜನ ಒರೆಸದೇ ವೆಲ್ಡ್ ಮಾಡಿ ಮನೆಗೆ ಹೋದ್ರು. ಉಜ್ಜು, ನೋಡೋಣ.”

ಅವನು ತಂತಿಬ್ರಷ್ ಹುಡುಕಿ ತಂದು, ಅದರಲ್ಲೂ ಏನಾದರೂ ಮಸಲತ್ತಿದೆಯೇ ಎಂದು ಹೆಬ್ಬೆರಳಿನಿಂದ ಸವರಿ, ಆಮೇಲೆ ಉಜ್ಜಲು ಕೂತ.