ಎಪ್ಪತ್ತು ಪೌಂಡಿನ ಬಿಲ್ಲು

ಹೆಂಡತಿ ಲೋರ್ನಾಳಿಗೆ ತನ್ನ ಬಿಲ್ಲು ಕೊಡಲು ಎಲ್ಡನ್ ಒಪ್ಪಿದ್ದ, ಬಿಟ್ಟುಕೊಡಲು ಒಪ್ಪಿರಲಿಲ್ಲ. ದಿಮ್ಮಿ ಲಾರಿಯ ಸರಪಳಿ ಜಗ್ಗುವಾಗ ಅವನ ಬಲಭುಜದ ಸ್ನಾಯು ಹರಿದು ವರ್ಷ ಕಳೆದಿತ್ತು. ಹೊಲಿಗೆ ಹಾಕಿದ ಡಾಕ್ಟರು ಇನ್ನು ಬಿಲ್ಲಿನ ಆಸೆ ಬಿಡು ಅಂದಿದ್ದರು. ಡಾಕ್ಟರುಗಳಿಗೆ ಹೆದರಿಸುವುದೇ ಕೆಲಸ ಎಂದು ಎಲ್ಡನ್ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲದ ಜಿಂಕೆ ಬೇಟೆಗೆ ಲೋರ್ನಾ ಹೋಗಲಿ, ಮುಂದಿನ ಸಲಕ್ಕೆ ಬಿಲ್ಲು ಇದ್ದ ಹಾಗೇ ತನ್ನ ಕೈಗೆ ವಾಪಸು ಬರಲಿ ಎಂಬುದು ಅವನ ಲೆಕ್ಕಾಚಾರ.

ಕುದುರೆ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು ತಗೋ, ಅದಕ್ಕೆ ಭುಜ ಬೇಕಿಲ್ಲ ಎಂದು ಊರಲ್ಲಿ ನಾಲ್ಕಾರು ಜನ ಹೇಳಿ ನೋಡಿದ್ದರು. ಅದು ಬಿಲ್ಲಲ್ಲ, ಬಂದೂಕಿನ ದಾಯಾದಿ ಎಂದು ಎಲ್ಡನ್ ಅವರ ಬಾಯಿ ಮುಚ್ಚಿಸಿದ್ದ. ಸುಪೀರಿಯರ್ ಸರೋವರದ ಆ ದಂಡೆಯಲ್ಲಿ ಗಂಡಸರು ತಮ್ಮ ಬಿಲ್ಲಿನ ಹೆದೆ ಎಳೆಯಲು ಎಷ್ಟು ಪೌಂಡು ಬಲ ಬೇಕು ಎಂಬುದನ್ನು ಕೇಳದಿದ್ದರೂ ಹೇಳುತ್ತಾರೆ. ಎಲ್ಡನ್‌ನದು ಎಪ್ಪತ್ತು.

ಗಸ್ ಹೈಕ್ಕಿಲನ ಬಿಲ್ಲಿನ ಅಂಗಡಿ ಅವನ ಮನೆಯ ಹಿಂದಿನ ಶೆಡ್ಡಿನಲ್ಲಿತ್ತು. ಲೋರ್ನಾ ಟ್ರಕ್ಕಿನಿಂದ ಇಳಿದು ಬರುವುದರೊಳಗೆ ಎಲ್ಡನ್ ಒಳಗೆ ನುಗ್ಗಿ ಗಸ್‌ನ ಕಿವಿಯಲ್ಲಿ ಊದಿದ: ಹೆದೆಯ ಬಿಗಿತದ ಬೋಲ್ಟು ಸಡಿಲಿಸು, ಅಷ್ಟೇ ಸಾಕು, ಉಳಿದದ್ದು ಮುಟ್ಟಬೇಡ. ಬೋಲ್ಟು ಎಷ್ಟು ಸಡಿಲಿಸಿದರೂ ಅರವತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹೊಸಬರಿಗೆ ಅದು ಜಾಸ್ತಿಯಾಯಿತು ಎಂದು ಗಸ್ ಗೊಣಗಿದ. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಮೂಟೆ ಹೊರುವವಳು, ಅವಳಿಗೇನು ಧಾಡಿ ಎಂದು ಎಲ್ಡನ್ ಮಾತು ಮುಗಿಸಿದ.

ಗಸ್ ಲೋರ್ನಾಳ ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆದ. ಅವಳ ಎಳೆತ ಗಂಡನದಕ್ಕಿಂತ ಮೂರು ಅಂಗುಲ ಗಿಡ್ಡ ಎಂದು ಗೊತ್ತಾಯಿತು. ಬಿಲ್ಲಿನ ತುದಿಯಲ್ಲಿ ಹೆದೆ ಸುತ್ತುವ ಗಾಲಿಯ ಬದಿಗೆ, ಎಳೆತದ ಉದ್ದ ನಿಗದಿ ಮಾಡುವ ಸಣ್ಣ ತುಂಡನ್ನು ಬಿಚ್ಚಿ ಗಿಡ್ಡದ್ದನ್ನು ಹಾಕಿದ. ತೆಗೆದದ್ದನ್ನು ಎಲ್ಡನ್ ಕೈಚಾಚಿ ಇಸಿದುಕೊಂಡು ಜೇಬಿಗೆ ಸೇರಿಸಿದ. ಬೋಲ್ಟುಗಳೂ ಸಡಿಲವಾದವು.

ಲೋರ್ನಾ ಬಿಲ್ಲನ್ನು ಸೂರಿನತ್ತ ಎತ್ತಿ, ಹಲ್ಲು ಕಚ್ಚಿ, ಮೈಯನ್ನೆಲ್ಲ ತಿರುಚಿ, ಮೂರನೆಯ ಸಲಕ್ಕೆ ಹೆದೆಯನ್ನು ಗಲ್ಲದವರೆಗೆ ತಂದಳು. ಎಲ್ಡನ್‌ನ ಮುಖ ಅರಳಿತು. ಗಸ್ ಒಂದು ಬಕೆಟ್ಟನ್ನು ಬೋರಲು ಹಾಕಿದ.

"ಕೂತ್ಕೋ ತಾಯಿ. ಕಾಲು ಮುಂದಕ್ಕೆ ಚಾಚು. ಬಿಲ್ಲು ಮೇಲೆತ್ತದೆ, ನೆಟ್ಟಗೆ ಹಿಡಿದು ಎಳಿ. ಜಿಂಕೆ ಎದುರಿಗೆ ನೀನು ಹೀಗೆ ಆಕಾಶ ತೋರಿಸ್ತಾ ಕೂತರೆ ಅದೇನು ನಿಂತು ನೋಡುತ್ತಾ?"

ಕೂತಾಗ ಹೆದೆ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಎಳೆದಳು, ಅದೇ ಕತೆ. ಅಭ್ಯಾಸವಾದರೆ ಬರುತ್ತೆ ಎಂದ ಎಲ್ಡನ್. ಬೇಟೆ ಶುರುವಾಗುವುದು ಅಕ್ಟೋಬರ್ ಒಂದಕ್ಕೆ, ಅಷ್ಟರಲ್ಲಿ ಬರೋದು ಭುಜನೋವು ಮಾತ್ರ ಎಂದ ಗಸ್. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಎಲ್ಡನ್ ಬಿಲ್ಲನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಬಕೆಟ್ಟಿನ ಮೇಲೆ ಕೂತ.

"ಬೇಡ," ಅಂದಳು ಲೋರ್ನಾ.

ಅವನು ಎಳೆದ. ಹೆದೆ ಅವಳು ತಂದಷ್ಟು ದೂರವೂ ಬರಲಿಲ್ಲ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಚೂರಾಗುತ್ತದೆ. ಹಾಗಾಗಿ ಎಳೆದಷ್ಟನ್ನೂ ಅದೇ ನೋವಿನಲ್ಲಿ ನಿಧಾನವಾಗಿ ವಾಪಸು ಒಯ್ಯಬೇಕಾಯಿತು. ಅವನ ಕುತ್ತಿಗೆಯ ನರ ಉಬ್ಬಿತು. ಎಪ್ಪತ್ತು ಹೋಗಲಿ, ಸಡಿಲಿಸಿದ ಅರವತ್ತೂ ಅವನ ಮಾತು ಕೇಳಲಿಲ್ಲ. ವರ್ಷದಿಂದ ಅವನು ಈ ಬಿಲ್ಲು ಎಳೆದು ನೋಡಿರಲೇ ಇಲ್ಲ. ನೋಡಲು ಹೆದರಿಕೆಯಾಗಿತ್ತು ಎಂಬುದು ಈಗ ಅವನಿಗೇ ತಿಳಿಯಿತು.

ಗಸ್ ಬೇಡದ ಸ್ಪ್ಯಾನರನ್ನು ಡ್ರಾಯರಿನಲ್ಲಿ ಬಹಳ ಹೊತ್ತು ಹುಡುಕಿದ.

"ಅವಳಿಗೆ ಹೇಗೆ ಬೇಕೋ ಹಾಗೆ ಮಾಡು," ಅಂದ ಎಲ್ಡನ್.

ಗಸ್‌ನ ಬಳಿ ಹಿಡಿ ಸೀಳಿಹೋದ ಅದೇ ಮಾದರಿಯ ಇನ್ನೊಂದು ಬಿಲ್ಲಿತ್ತು. ಅದರ ಬಾಗುವ ಪಟ್ಟಿಗಳು ಹಗುರ, ನಲವತ್ತು ಚಿಲ್ಲರೆ ಪೌಂಡಿನವು. ಎಲ್ಡನ್‌ನ ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ಸಿಗೆ ಕೊಟ್ಟು ಹೆದೆ ಕಳಚಿ, ಅವನ ಪಟ್ಟಿಗಳನ್ನು ತೆಗೆದು ಆ ಪಟ್ಟಿಗಳನ್ನು ಕೂರಿಸಿದ. ಹೆದೆಯ ನಡುವಿನ, ಗುರಿ ನೋಡುವ ಪುಟ್ಟ ಬಳೆಯನ್ನು ಅವಳ ಕಣ್ಣಿನ ಮಟ್ಟಕ್ಕೆ ಸರಿಸಿ ಕಟ್ಟಿದ. ಲೋರ್ನಾ ಬಕೆಟ್ಟಿನ ಮೇಲೆ ಕೂತು, ಬಾಣ ಹೂಡಿ, ಉಸಿರೂ ಕೆಡದೆ ಎಳೆದಳು. ಬಿಟ್ಟ ಬಾಣ ಶೆಡ್ಡಿನ ಕೊನೆಯ ಹುಲ್ಲಿನ ಪೆಂಡಿಯಲ್ಲಿ ಪಟ್ಟೆಂದು ಕೂತಿತು. ಅವಳು ನಕ್ಕಳು, ಗಂಡನ ಮುಖ ನೋಡಿ ನಗುವನ್ನು ಅರ್ಧಕ್ಕೆ ನಿಲ್ಲಿಸಿದಳು. ಎಲ್ಡನ್‌ಗೆ ಹೊಟ್ಟೆ ಉರಿಯಿತು, ಉರಿದದ್ದಕ್ಕೆ ನಾಚಿಕೆಯೂ ಆಯಿತು.

"ಮೊಣಕೈ ಇನ್ನೊಂದು ಚೂರು ಮೇಲೆ," ಅಂದ.

ಅವಳು ಎತ್ತಿದಳು. ಎರಡನೆಯ ಬಾಣ ಮೊದಲನೆಯದರ ಮಗ್ಗುಲಿಗೇ ಹೋಯಿತು.

ಹೊರಡುವಾಗ ಗಸ್ ಹಳೆಯ ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಎಲ್ಡನ್‌ಗೆ ಕೊಟ್ಟ. ಭುಜ ಸರಿಹೋದ ದಿನ ತಂದುಕೊಡು, ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತೇನೆ ಎಂದ. ಲೋರ್ನಾಳೂ ಹೌದು ಹೌದು, ಮನೆಯಲ್ಲಿ ಜೋಪಾನವಾಗಿ ಇಟ್ಟಿರೋಣ ಎಂದಳು. ಇಬ್ಬರೂ ಇಷ್ಟು ಮೃದುವಾಗಿ ಮಾತಾಡಿದ್ದನ್ನು ಎಲ್ಡನ್ ಹಿಂದೆಂದೂ ಕೇಳಿರಲಿಲ್ಲ. ಅವನು ಬಾಗಿಲವರೆಗೆ ಹೋಗಿ ಹಿಂದಿರುಗಿ, ಗಂಟನ್ನೂ ಜೇಬಿನಲ್ಲಿದ್ದ ತುಂಡನ್ನೂ ಮೇಜಿನ ಮೇಲೆ ಇಟ್ಟ.

"ಇಲ್ಲೇ ಇರಲಿ ಕಣೋ. ಯಾರಿಗಾದ್ರೂ ಹಾಕು."

"ಇಟ್ಕೊಂಡಿರು ಮಾರಾಯ. ಭಾರವೇನಿಲ್ವಲ್ಲ."

"ಮನೇಲಿದ್ರೆ ಪ್ರತಿವರ್ಷ ಅದನ್ನ ನೋಡ್ಕೊಂಡು ಕಾಯ್ತಾ ಕೂತಿರ್ತೀನಿ. ಇವಳು ಒಂದೊಂದು ಜಿಂಕೆ ಹೊಡೆದಾಗ್ಲೂ, ನನ್ನ ಬಿಲ್ಲು ನನಗ್ಯಾವಾಗ ಕೊಡ್ತೀಯ ಅಂತ ಮನಸ್ಸಲ್ಲೇ ಕೇಳ್ತಿರ್ತೀನಿ. ಅದು ಬೇಡ."

ಗಸ್ ಗಂಟು ತೆಗೆದುಕೊಂಡ. ಲೋರ್ನಾ ಬಿಲ್ಲನ್ನು ಎದೆಗವಚಿಕೊಂಡು ಟ್ರಕ್ಕಿನ ಕಡೆ ನಡೆದಳು. ಎಲ್ಡನ್ ಮುಂದೆ ಹೋಗಿ, ಎಡಗೈಯಿಂದ ಅವಳಿಗೆ ಬಾಗಿಲು ತೆಗೆದ.