ಹುಸೇನಪೀರನ ಉಳಿ ಮತ್ತು ಕಾಲ್ಬೆರಳು

ಮಾನ್ವಿಯ ಹುಸೇನಪೀರನ ಮನೆಗೆ ಮೋಟಾರು ಬಂದದ್ದು ಎಂಬತ್ತನಾಲ್ಕರಲ್ಲಿ. ಅವನದು ಖರಾದಿ ಕೆಲಸ. ಮರದ ತುಂಡನ್ನು ಗರಗರ ತಿರುಗಿಸಿ, ಉಳಿ ಹಿಡಿದು ತೊಟ್ಟಿಲ ಕಾಲು, ಲಟ್ಟಣಿಗೆ, ಢೋಲಕಿ ಮಾಡುವುದು. ಅದಕ್ಕೂ ಮೊದಲು ಹನ್ನೆರಡು ವರ್ಷ ಮರ ತಿರುಗಿಸಿದವಳು ಹೆಂಡತಿ ಕಮರುನ್ನೀಸಾ. ಮರಕ್ಕೆ ಚರ್ಮದ ಪಟ್ಟಿ ಸುತ್ತಿ ಅವಳು ಹಿಂದೆಮುಂದೆ ಎಳೆಯುತ್ತಿದ್ದಳು. ಅವನು ನೆಲಕ್ಕೆ ಕುಳಿತು, ಹಿಡಿಯನ್ನು ಕೈಯಲ್ಲಿ, ಉಳಿಯ ಮೂತಿಯನ್ನು ಕಾಲ್ಬೆರಳ ಸಂದಿಯಲ್ಲಿ ಒತ್ತಿಕೊಂಡು ಕೆತ್ತುತ್ತಿದ್ದ. ಅವರ ಮನೆತನದ ಪದ್ಧತಿಯೇ ಅದು.

ಮೋಟಾರು ಬಂದ ಮೇಲೆ ಕಮರುನ್ನೀಸಾಳ ತೋಳಿಗೆ ಬಿಡುವು ಸಿಕ್ಕಿತು. ಗಂಡನ ಕಾಲಿಗೆ ಮಾತ್ರ ಸಿಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ ಓಡುವ ಮೋಟಾರಿನ ಮುಂದೂ ಅವನ ಹೆಬ್ಬೆರಳು ಉಳಿಯ ಮೇಲೆಯೇ. ನೋಡಿದಾಗಲೆಲ್ಲ ಅವಳು ಕಾಲು ತೆಗೆಯಲು ಹೇಳುತ್ತಿದ್ದಳು. ದೇವದುರ್ಗದಲ್ಲಿ ಅವರ ಬೀಗ ನಬೀಸಾಬ್ ಹೀಗೇ ಎರಡು ಬೆರಳು ಕಳೆದುಕೊಂಡಿದ್ದ.

"ಅವಂಗ ಕೆಲಸ ಬರಂಗಿಲ್ಲ ಬಿಡು. ನಂದು ಅಪ್ಪನ ಕಾಲದ ಉಳಿ, ನನ್ನ ಮಾತು ಕೇಳತದ," ಎನ್ನುತ್ತಿದ್ದ ಹುಸೇನಪೀರ.

ಶ್ರಾವಣ ಹತ್ತಿರವಾಯಿತು. ಕಲ್ಲೂರಿನ ಭಜನೆಯವರು ದೊಡ್ಡ ಢೋಲಕಿ ಬೇಕೆಂದಿದ್ದರು. ಹೊರಮೈ ಕೆತ್ತುವುದು ಹುಸೇನಪೀರನಿಗೆ ನೀರು ಕುಡಿದಷ್ಟು ಸುಲಭ. ಒಳಗೆ ಟೊಳ್ಳು ಮಾಡುವುದೇ ಕಷ್ಟ. ಗೇಣುದ್ದ ಒಳಹೋದ ಉಳಿಯನ್ನು ಮಾವಿನ ಕೊರಡು ಗಕ್ಕನೆ ಕಚ್ಚಿತು. ಉಳಿ ಕೈಯಿಂದ ಕಿತ್ತುಕೊಂಡು, ಪಾದ ಸವರಿ ಹೋಗಿ ಬಾಗಿಲಿಗೆ ನಾಟಿತು. ಹೆಬ್ಬೆರಳ ಚರ್ಮ ಸುಲಿದಿತ್ತು. ದೇವರ ದಯೆ, ಬೆರಳು ಉಳಿದಿತ್ತು.

ಕಮರುನ್ನೀಸಾ ಗಾಯ ತೊಳೆದು, ಬಟ್ಟೆ ಕಟ್ಟಿ, ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿಸಿದಳು. ಸುದ್ದಿ ಕೇಳಿ ಮರುದಿನ ಅಕ್ಕಿ ಗಿರಣಿಯ ಫಿಟ್ಟರ್ ಆದೆಪ್ಪ ಬಂದ. ಅವನ ಕೈಯಲ್ಲಿ ಮೊಳದುದ್ದದ ದಪ್ಪ ಸರಳು. ಅದರ ತುದಿಗೆ ಉಕ್ಕಿಗಿಂತ ಗಟ್ಟಿಯಾದ, ಬೆರಳುಗುರಿನಷ್ಟು ಕಾರ್ಬೈಡ್ ತುಣುಕು ಬೆಸೆದಿತ್ತು. ರಾಯಚೂರಿನಲ್ಲಿ ಮಾಡಿಸಿ ತಂದಿದ್ದ.

"ಕಬ್ಬಿಣ ಕೊರಿಯೋ ಸಾಮಾನು ಕಟ್ಟಿಗೀಗ್ಯಾಕೋ ಆದೆಪ್ಪ?"

"ಕೇಳಣ್ಣ. ನಿನ್ನ ಉಳಿ ಮೂತಿ ಅಗಲ. ಆಳಕ್ಕ ಹೋದಂಗ ಕಟ್ಟಿಗಿ ಅದನ್ನ ಕಚ್ಚತದ. ಇದರ ಮೊನಿ ಸಣ್ಣದು. ಮಟ್ಟಸ ಹಿಡಿದ್ರ ಚೂರಚೂರೇ ಕೆರಕೋತ ಹೋಗತದ. ಲಗೂನ ಮೊಂಡ ಆಗಂಗಿಲ್ಲ."

"ಹಂಗಾರ ಅಪ್ಪನ ಉಳಿ ಮೂಲಿಗೇನು?"

"ಯಾರಂದ್ರು? ಹೊರಗಿನ ನುಣುಪಿಗೆ ಅದೇ ಬೇಕು. ಇದಕ್ಕೂ ಕುಂದು ಅದಾವ. ಕಲ್ಲಿನ ಮ್ಯಾಲ ಬಿದ್ರ ಮೊನಿ ಸಿಡೀತದ. ನಿನ್ನ ಸಾಣಿಕಲ್ಲಿಗೆ ಬಗ್ಗಂಗಿಲ್ಲ, ಹಸಿರು ಸಾಣಿಕಲ್ಲು ಬೇಕು. ಗಿರಣ್ಯಾಗ ಅದ, ಬಾ."

ಗಾಯ ಮಾಯಿತು. ಹುಸೇನಪೀರ ಹೊಸ ಸರಳು ಹಿಡಿದು ಕುಳಿತ. ಮೋಟಾರು ಗುಂಯ್ ಎಂದಿತು. ಕಮರುನ್ನೀಸಾ ನೋಡುತ್ತಿದ್ದಳು. ಅವನ ಹೆಬ್ಬೆರಳು ತಾನಾಗಿಯೇ ಎದ್ದು ಮೆಲ್ಲಗೆ ಸರಳಿನ ಮೇಲೆ ಬಂದು ಕುಳಿತಿತು.

ಅವಳು ಎದ್ದು ಸ್ವಿಚ್ ಆರಿಸಿಬಿಟ್ಟಳು.

"ಏನಾತು?"

"ಹನ್ನೆರಡು ವರ್ಷ ಪಟ್ಟಿ ಎಳದೀನ್ರಿ. ಉಳಿ ಕಚ್ಚಿದ ಕೂಡ್ಲೇ ನಿಮ್ಮ ಮುಖ ನೋಡಿ ಕೈ ನಿಲ್ಲಿಸ್ತಿದ್ದೆ. ನಿಮ್ಮ ಬೆರಳು ಉಳದಿದ್ದು ಅಪ್ಪನ ಉಳೀಯಿಂದ ಅಲ್ಲ, ನನ್ನಿಂದ. ಈ ಮೋಟಾರಿಗೆ ನಿಮ್ಮ ಮುಖ ಕಾಣತದೇನು?"

ಹುಸೇನಪೀರ ಸರಳನ್ನು ಕೆಳಗಿಟ್ಟ. ಇಷ್ಟು ವರ್ಷ ಅದನ್ನು ತನ್ನ ಕೈಚಳಕವೆಂದೇ ಎಣಿಸಿದ್ದ. ನಾಚಿಕೆಯಾಯಿತು. ಅವಳ ಮೇಲೆ ಅಕ್ಕರೆಯೂ ಉಕ್ಕಿತು.

"ನೀನೇ ಹೇಳು, ಏನ್ ಮಾಡೋದು?"

"ಆದೆಪ್ಪಣ್ಣನ್ನ ಕರೀರಿ. ಮೋಟಾರು, ಮರ ತಿರುಗೋ ಖರಾದು ಎರಡನ್ನೂ ಸೊಂಟದ ಎತ್ತರಕ್ಕ ಇಡಿಸೋಣ. ನಿಂತು ಕೆಲಸ ಮಾಡಿದ್ರ ಕಾಲು ಹೆಂಗ ಮ್ಯಾಲ ಬರತದ ನೋಡ್ತೀನಿ."

ಎರಡು ದಿನದಲ್ಲಿ ಕಲ್ಲಿನ ಕಟ್ಟೆ ಎದ್ದಿತು. ಉಳಿ ಊರಲು ಕಬ್ಬಿಣದ ಆನಿಕೆಯನ್ನು ಆದೆಪ್ಪ ಮರಕ್ಕೆ ಬೆರಳಂತರದಲ್ಲಿ ಕೂಡಿಸಿ, ಚೂರು ಸಿಡಿದೀತೆಂದು ಕಣ್ಣಿಗೆ ಕನ್ನಡಕ ಕೊಟ್ಟ. ಕಾರ್ಬೈಡ್ ಮೊನೆ ಢೋಲಕಿಯ ಒಳಗನ್ನು ಎರಡೂ ಕಡೆಯಿಂದ ಸಲೀಸಾಗಿ ಕೆರೆಯಿತು. ಹುಮ್ಮಸ್ಸಿನಲ್ಲಿ ಹುಸೇನಪೀರ ಹೊರಮೈಗೂ ಅದನ್ನೇ ಹಚ್ಚಿದ. ನಾರು ಎದ್ದು ಮೈಯೆಲ್ಲ ತರಿತರಿಯಾಯಿತು. ಮತ್ತೆ ಅಪ್ಪನ ಉಳಿ ಎತ್ತಿಕೊಂಡ.

"ಹಳೇ ಗಂಡನ ಪಾದವೇ ಗತಿ ಅಂದಂಗಾತು!" ಎಂದು ಆದೆಪ್ಪ ನಕ್ಕ.

ಶ್ರಾವಣದ ಮೊದಲ ಸೋಮವಾರ ಕಲ್ಲೂರಿನಲ್ಲಿ ಢೋಲಕಿ ನುಡಿಯಿತು. ಕೊಡಲು ಹೋದವನು ಹತ್ತೂ ಬೆರಳಿನ ಕಾಲಲ್ಲಿ ನಡೆದು ಹೋಗಿ, ಹಾಗೆಯೇ ನಡೆದು ಮನೆಗೆ ಬಂದ. ಕಮರುನ್ನೀಸಾ ಮೊದಲು ನೋಡಿದ್ದು ಅವನ ಪಾದವನ್ನೇ.

ಖರಾದಿ ಕೆಲಸದ ಅಣ್ಣಂದಿರೇ, ಆಳವಾದ ಒಳಗನ್ನು ಕಾರ್ಬೈಡ್ ಮೊನೆಯಿಂದ ಕೆರೆಯಿರಿ, ಹೊರಗಿನ ನುಣುಪನ್ನು ಹಳೇ ಉಳಿಗೆ ಬಿಡಿ. ಕೈಯಲ್ಲಿ ಯಾವುದೇ ಇರಲಿ, ಕನ್ನಡಕ ಹಾಕಿ, ನಿಂತು ಕೆಲಸ ಮಾಡಿ. ಪಟ್ಟಿ ಎಳೆಯುವವರು ನಿಮ್ಮ ಮುಖ ನೋಡಿ ನಿಲ್ಲಿಸುತ್ತಿದ್ದರು. ಮೋಟಾರು ಯಾರ ಮುಖವನ್ನೂ ನೋಡುವುದಿಲ್ಲ.