ನಾಲ್ಕನೇ ಸರದಿ

ಈ ಸರದಿಯಲ್ಲೇ ಸತ್ತುಬಿಡುವುದು ಒಳ್ಳೆಯದು ಎಂದು ಅವಳು ಲೆಕ್ಕ ಹಾಕಿದಳು. ಎಡಗಡೆಯ ಬಾಗಿಲು ದಾಟಿ ಬದುಕಬೇಕಾದರೆ ಎರಡು ದಾಳ ಸೇರಿ ಹತ್ತಾದರೂ ಬೀಳಬೇಕು. ಮೂವತ್ತಾರರಲ್ಲಿ ಆರೇ ಸಾಧ್ಯತೆ. ಬಲಗಡೆಯ ಬಾಗಿಲಿಗೆ ಐದು ಬಿದ್ದರೂ ಸಾಕು.

"ಎಡಗಡೆ," ಎಂದಳು.

"ಅಮ್ಮಾ, ಅಲ್ಲಿ ವಿಷದ ಹೊಗೆ ಇದೆ. ಆಗ್ಲೇ ಹೇಳಿದ್ನಲ್ಲ!" ಏಳು ವರ್ಷದ ಮಗ ಕುರ್ಚಿಯ ಮೇಲೆ ಮಂಡಿಯೂರಿ, ಮೇಜಿನ ಮೇಲೆ ಹರಡಿದ್ದ ಗುಹೆಯ ನಕ್ಷೆಯ ಮೇಲೆ ಅರ್ಧ ಬಿದ್ದುಕೊಂಡಿದ್ದ.

"ಆಟದಲ್ಲಿ ನಾನು ವೈದ್ಯೆ ಅಲ್ವೇನೋ? ಹೊಗೆಗೆಲ್ಲಾ ಹೆದರ್ತಾರಾ?"

ಮಗಳು ದಾಳಗಳನ್ನು ಅಮ್ಮನ ಕಡೆ ತಳ್ಳಿದಳು. ಅವಳಿಗೆ ಹನ್ನೊಂದು. ಯಾವ ಆಟವಾದರೂ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದದೆ ದಾಳ ಮುಟ್ಟಲು ಬಿಡುವುದಿಲ್ಲವಾದ್ದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದು ಹೆಸರು.

ಮೂರು, ಎರಡು. ಒಟ್ಟು ಐದು.

ಮಗ ನಿಟ್ಟುಸಿರುಬಿಟ್ಟು ವೈದ್ಯೆಯ ಬೊಂಬೆಯನ್ನು ಅಡ್ಡ ಮಲಗಿಸಿದ. ಹೆಬ್ಬೆರಳಿನಷ್ಟೇ ಎತ್ತರದ ಆ ಮಣ್ಣಿನ ಬೊಂಬೆಗೆ ಮಗಳು ಒಂದು ವಾರ ಕೂತು ಬಣ್ಣ ಹಚ್ಚಿದ್ದಳು. ಕುಂಚವನ್ನು ಕತ್ತರಿಸಿ ಕತ್ತರಿಸಿ ಮೂರೇ ಕೂದಲು ಉಳಿಸಿಕೊಂಡು, ಅಮ್ಮನ ಎಡಗೆನ್ನೆಯ ಮಚ್ಚೆಯನ್ನೂ ಬಿಡದೆ ಇಟ್ಟಿದ್ದಳು.

"ಅಯ್ಯೋ, ಹೋಗೇಬಿಟ್ನಲ್ಲಪ್ಪಾ," ಎಂದು ಅವಳು ಅಗತ್ಯವಿರುವಷ್ಟು ದುಃಖಪಟ್ಟಳು. "ಸರಿ, ನೀವು ಆಡ್ಕೊಳ್ಳಿ. ಬಟ್ಟೆ ಒಣಹಾಕಿ ಬರ್ತೀನಿ."

ಪ್ರತಿ ಭಾನುವಾರ ಬೆಳಿಗ್ಗೆ ಇದೇ. ಸಾಯುವುದು, ಬಟ್ಟೆ ಒಣಹಾಕುವುದು. ನಿಜ ಹೇಳಬೇಕೆಂದರೆ ಬಟ್ಟೆಗೆ ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಅಡುಗೆಮನೆಯ ಕಟ್ಟೆಗೆ ಒರಗಿ ಸುಮ್ಮನೆ ನಿಂತಿರುತ್ತಿದ್ದಳು. ಅಲ್ಲಿಗೆ ಮಕ್ಕಳ ನಗು ಕೇಳಿಸುತ್ತಿತ್ತು. ಮೇಜಿನ ಮುಂದೆ ಕೂತಾಗ ಅವಳು ತನ್ನ ಮುಖವನ್ನು ನೋಡಿಕೊಳ್ಳಬೇಕಾಗುತ್ತಿತ್ತು. ನಗು ಸಾಕಷ್ಟಿದೆಯೇ, ಹೆಚ್ಚಾಯಿತೇ ಎಂದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವಾಗ ಹಲಗೆಯ ಕಡೆ ತಿರುಗಿಕೊಂಡರೆ ಆಗುತ್ತಿತ್ತು. ಮನೆಯಲ್ಲಿ ಹಲಗೆ ಇರಲಿಲ್ಲ.

ಅಡುಗೆಮನೆಯಲ್ಲಿ ಮಾತ್ರ ಎದೆ ತುಂಬಿ ಬರುತ್ತಿತ್ತು. ಯಾವ ಜನ್ಮದ ಪುಣ್ಯವೋ ಇಂಥ ಮಕ್ಕಳು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕೃತಜ್ಞತೆಗೆ ನಡುವೆ ಒಂದು ಗೋಡೆ ಬೇಕಿತ್ತು.

ಈ ಭಾನುವಾರ ಅವಳು ಏಳುವಷ್ಟರಲ್ಲಿ, "ಕೂತ್ಕೋ ಅಮ್ಮ," ಎಂದಳು ಮಗಳು.

ತೊಡೆಯ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ಬಿಡಿಸಿದಳು. "ಇಪ್ಪತ್ಮೂರು ಆಟ ಆಗಿದೆ. ಅಪ್ಪ ಆಡಿದಾಗ ಸಾಯೋದು ಸರಾಸರಿ ಹನ್ನೊಂದನೇ ಸರದಿಗೆ. ಇವ್ನು ಹದಿಮೂರಕ್ಕೆ."

"ನಾನು ಗಟ್ಟಿ," ಎಂದ ಮಗ.

"ನೀನು ನಾಲ್ಕಕ್ಕೆ. ಆರನೇ ಸರದಿ ಅಂದ್ರೆ ಹೇಗಿರತ್ತೆ ಅಂತಾನೇ ನೋಡಿಲ್ಲ ನೀನು."

"ನನ್ನ ಹಣೆಬರಹ ಕಣೇ."

"ಇಪ್ಪತ್ಮೂರು ಸಲಾನಾ? ಒಂದ್ಸಲ ಆದ್ರೆ ಅದೃಷ್ಟ, ಮತ್ತೆ ಮತ್ತೆ ಆದ್ರೆ ಕಾರಣ ಹುಡುಕು ಅಂತ ಹೇಳ್ಕೊಟ್ಟಿದ್ದು ಯಾರು?"

ಅವಳು ಪುಟದ ಮೇಲೆ ಬಗ್ಗಿದಳು. ಸ್ಕೇಲು ಹಿಡಿದು ಎಳೆದ ಗೆರೆಗಳ ನಡುವೆ ಅವಳ ಇಪ್ಪತ್ತಮೂರು ಸಾವುಗಳು ಓರಣವಾಗಿ ನಿಂತಿದ್ದವು. ಸರಾಸರಿಯ ಲೆಕ್ಕ ಸರಿಯಾಗಿತ್ತು. ಮೊದಲು ಬಂದದ್ದು ನಾಚಿಕೆಯಲ್ಲ, ಹೆಮ್ಮೆ. ಆಮೇಲೆ ಕಿವಿ ಬಿಸಿಯಾಯಿತು.

"ನಮ್ಜೊತೆ ಆಡೋಕೆ ಬೇಜಾರಾ ಅಮ್ಮಾ?" ಎಂದ ಮಗ.

"ಛೆ, ಇಲ್ಲಪ್ಪ."

"ಮತ್ತೆ?"

"ನೀವು ನಗೋದು ಅಡುಗೆಮನೆಗೆ ಚೆನ್ನಾಗಿ ಕೇಳ್ಸತ್ತೆ." ಬಾಯಿ ತಪ್ಪಿ ಬಂದುಬಿಟ್ಟಿತು.

ಮಕ್ಕಳು ಮುಖ ಮುಖ ನೋಡಿಕೊಂಡರು.

"ಇಷ್ಟು ಹತ್ರ ಕೂತ್ರೆ ಕೇಳ್ಸಲ್ವಾ?" ಮಗ ಗಾಬರಿಯಾದ. "ಅಕ್ಕಾ, ಅಮ್ಮನ ಕಿವಿ ಡಾಕ್ಟ್ರಿಗೆ ತೋರಿಸ್ಬೇಕು ಕಣೇ."

"ಸುಮ್ನಿರೋ." ಮಗಳು ಪುಟ ತಿರುವಿದಳು. "ನಮಗೇನೂ ಸಿಟ್ಟಿಲ್ಲಮ್ಮ. ಹೊಸ ನಿಯಮ ಬರ್ದಿದೀವಿ, ಅಷ್ಟೆ. ಸತ್ತವರು ದೆವ್ವ ಆಗ್ತಾರೆ. ದೆವ್ವ ಮೇಜು ಬಿಟ್ಟು ಏಳೋ ಹಾಗಿಲ್ಲ. ಮಾತಾಡೋ ಹಾಗಿಲ್ಲ, ನಗೋ ಹಾಗೂ ಇಲ್ಲ. ಬದುಕಿರೋರು ಕಣ್ಮುಚ್ಚಿ ಏನಾದ್ರೂ ಕೇಳಿದ್ರೆ ಮೇಜು ತಟ್ಬೇಕು. ಹೌದು ಅಂದ್ರೆ ಒಂದ್ಸಲ, ಇಲ್ಲ ಅಂದ್ರೆ ಎರಡು ಸಲ."

"ಅಪ್ಪಂಗೂ ಇದೇನಾ?"

"ಅಪ್ಪ ಸತ್ಮೇಲೂ ಬಾಯಿ ಮುಚ್ಚಲ್ಲ. ಇದು ನಿನಗೋಸ್ಕರ ಮಾಡಿದ್ದು."

"ಬಟ್ಟೆ ಮುದುರಿಕೊಳ್ಳತ್ತೆ ಕಣೇ."

"ಮುದುರಿಕೊಳ್ಳಲಿ. ಆಮೇಲೆ ಮೂರೂ ಜನ ಕೊಡವಿ ಹಾಕೋಣ."

ಅವಳು ಕೂತಳು. ಅವಳಿಂದ ಏನೇನು ಆಗುವುದಿಲ್ಲವೋ ಅದನ್ನೆಲ್ಲ ಈ ಇಬ್ಬರು ಅಳೆದು ನೋಡಿ, ಆ ಅಳತೆಗೆ ಸರಿಯಾಗಿ ಒಂದು ಜಾಗ ಮಾಡಿಕೊಟ್ಟಿದ್ದರು. ನಗಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಇದ್ದರೆ ಸಾಕು. ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ಇಷ್ಟು ಸರಿಯಾಗಿ ಹೊಂದುವ ಉಡುಗೊರೆಯನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಮಕ್ಕಳಿಗೆ ಕೈ ಮುಗಿಯಬೇಕೆನಿಸಿತು. ಜೊತೆಗೇ, ಇನ್ನು ಅಡುಗೆಮನೆ ಇಲ್ಲವಲ್ಲ ಎಂದೂ ಹೊಳೆಯಿತು.

ಐದನೇ ಸರದಿ ಮುಗಿಯಿತು. ಆರನೆಯದು ಬಂತು.

ದಾಳ ಹಾಕುವಾಗ ಮಗಳು ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ಹೆದರಿಕೆಯಾದರೆ ಮಗ ಮೇಜಿನ ಕೆಳಗೆ ತನ್ನದೇ ಕಾಲಿನ ಹೆಬ್ಬೆಟ್ಟನ್ನು ಹಿಡಿದುಕೊಳ್ಳುತ್ತಾನೆ. ಗುಹೆಯ ಬಾವಲಿಗಳ ರಾಜನಿಗೆ ಮಗಳು ಕೊಡುವ ದನಿ ಕಾಲೇಜಿನ ಪ್ರಿನ್ಸಿಪಾಲರ ದನಿಯಂತಿದೆ. ಅದನ್ನು ಎಲ್ಲಿ ಕೇಳಿದಳು? ಓಹೋ, ಊಟ ಮಾಡುವಾಗ ನಾನೇ ಅಣಕಿಸಿ ತೋರಿಸಿದ್ದೆನಲ್ಲ. ಇದನ್ನೆಲ್ಲ ಗೋಡೆಯಾಚೆ ನಿಂತು ಯಾರು ತಾನೇ ನೋಡಬಹುದಿತ್ತು?

ಎಂಟನೇ ಸರದಿಯಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳು ಉಸಿರು ಹಿಡಿದು ಕೇಳಿದಳು. ಅದೇ ನಗು. ಆದರೆ ತೀರ ಹತ್ತಿರವಿದ್ದುದರಿಂದ ಚೂರು ಚೂರಾಗಿ ಬರುತ್ತಿತ್ತು. ಒಂದು ಕೆಮ್ಮು, ಒಂದಿಷ್ಟು ಎಂಜಲು, ಅಲುಗಾಡುವ ಕುರ್ಚಿ. ಪೂರ್ತಿ ನಗುವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಮಕ್ಕಳು ಒಂಬತ್ತನೇ ಸರದಿಗೆ ಹೋಗಿದ್ದರು.

ದೆವ್ವವನ್ನು ಯಾರೂ ಏನೂ ಕೇಳಲಿಲ್ಲ. ಅದು ಅವಳಿಗೆ ಕಷ್ಟವಾಗಲಿಲ್ಲ. ಅಭ್ಯಾಸವಿತ್ತು.

ಹನ್ನೆರಡನೇ ಸರದಿಯಲ್ಲಿ ದಾರಿ ಕವಲೊಡೆಯಿತು.

"ಅಮ್ಮ ಇದಾಳಾ ಕೇಳೋಣ," ಎಂದ ಮಗ.

"ಎದುರಿಗೇ ಕೂತಿದಾಳಲ್ಲೋ."

"ಹಾಗಲ್ಲ. ಕಣ್ಮುಚ್ಕೊಂಡು."

ಇಬ್ಬರೂ ಕಣ್ಣು ಮುಚ್ಚಿದರು. ಮಗ ದನಿ ನಡುಗಿಸಿ ಕೇಳಿದ, "ದೆವ್ವದಮ್ಮಾ, ಇಲ್ಲೇ ಇದ್ದೀಯಾ?"

"ಪೆದ್ದ, ಇದು ಲೆಕ್ಕಕ್ಕಿಲ್ಲ." ಮಗಳು ಕಣ್ಣು ತೆರೆಯದೆ ಹೇಳಿದಳು. "ಇಲ್ಲ ಅಂತ ಎರಡು ಸಲ ತಟ್ಟಿದ್ರೂ ಇದಾಳೆ ಅಂತಾಯ್ತಲ್ಲ."

"ತಟ್ಟದೇ ಹೋದ್ರೆ?"

ಮಗಳು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು.

ಎರಡು ಮುಖಗಳು ಅವಳ ಕಡೆ ತಿರುಗಿದ್ದವು. ಮುಚ್ಚಿದ ರೆಪ್ಪೆಗಳು ಅದುರುತ್ತಿದ್ದವು. ತುಟಿಯಂಚಿನಲ್ಲಿ ನಗು ಬರಲು ತಯಾರಾಗಿ ಕಾಯುತ್ತಿತ್ತು. ಇಷ್ಟು ನಂಬಿ ತನ್ನನ್ನು ಯಾರೂ ಕಾದಿರಲಿಲ್ಲ ಎಂದುಕೊಂಡು ಅವಳು ಮುಷ್ಟಿ ಕಟ್ಟಿ ಕೈ ಎತ್ತಿದಳು. ಬೆರಳ ಗೆಣ್ಣುಗಳು ಮೇಜಿಗಿಂತ ಒಂದಂಗುಲ ಮೇಲೆ ನಿಂತವು. ಕಿಟಕಿಯ ಬಿಸಿಲಿಗೆ ಆ ಕೈಯ ನೆರಳು ಮಾತ್ರ ಆಗಲೇ ಮೇಜನ್ನು ಮುಟ್ಟಿ, ಗುಹೆಯ ಎರಡೂ ದಾರಿಗಳ ಮೇಲೆ ಹರಡಿಕೊಂಡು, ಸದ್ದಿಲ್ಲದೆ ಬಿದ್ದಿತ್ತು.

ಮಕ್ಕಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.